ಬೆಳೆದುದನ್ನು ಅಳೆಯಲು ಅವಕಾಶ ಬೇಕು

ಪಾತ್ರೆಗಳಿಗೆ ಬೆಳ್ಳಿಯ ಲೇಪ ಕೊಡುವ ವಿದ್ಯುಲ್ಲೇಪನವನ್ನು ಕುರಿತು ವಾಚಕರು ಶಾಲೆಯಲ್ಲಿ ಓದಿಯೇ ಇರುತ್ತಾರೆ. ಲೋಹಲವಣದ ದ್ರಾವಣದಲ್ಲಿ ಎರಡು ಫಲಕಗಳನ್ನಿಳಿಸಿ ವಿದ್ಯುತ್ತನ್ನು ಹರಿಸಿದರೆ ಋಣಫಲಕದ ಮೇಲೆ ಲೋಹವು ಕೂಡುತ್ತದೆ. 1830ರ ದಶಕದಲ್ಲಿ ಮೈಕೇಲ್ ಫ್ಯಾರಡೆಯು ಇದರ ನಿಯಮಗಳನ್ನು ಕಂಡುಹಿಡಿದನು. ಇದೇ ವಿಧಾನದಿಂದ ಇಂದು ಅರೆವಾಹಕಗಳ ಅತಿಸೂಕ್ಷ್ಮ ಸೂಜಿಗಳನ್ನೂ ಬೆಳೆಸಬಹುದಾಗಿದೆ. ಕಮಲಾಪುರದಂತಹ ತಾಲ್ಲೂಕು ಕೇಂದ್ರದ ವಿದ್ಯಾರ್ಥಿಗೂ ಈ ಕೆಲಸ ಎಟುಕುವಂತಹುದೆಂಬುದು ನನ್ನ ಅಭಿಪ್ರಾಯ.

ನೆರೆಯ ಬೀದರಿನ ಬಿದರಿ ಪಾತ್ರೆಗಳ ಮುಖ್ಯ ಲೋಹ ಸತು. ಅದರ ಆಕ್ಸೈಡು ಒಂದು ಅರೆವಾಹಕ. ಸತುವಿನ ನೈಟ್ರೇಟಿನ ದ್ರಾವಣವನ್ನು ಸುಮಾರು 70 ಡಿಗ್ರಿ ಸೆಲ್ಸಿಯಸ್ಸಿಗೆ ಕಾಯಿಸಿ, ವಿದ್ಯುದ್ವಾಹಕ ಲೇಪವುಳ್ಳ ಗಾಜನ್ನು ಋಣಫಲಕವಾಗಿರಿಸಬೇಕು. ನೈಟ್ರೇಟು ಅಯಾನುಗಳು ಎಲೆಕ್ಟ್ರಾನುಗಳನ್ನು ಪಡೆದು ಗಾಜಿನ ಬಳಿ ಹೈಡ್ರಾಕ್ಸೈಡು ಅಯಾನುಗಳನ್ನುಂಟುಮಾಡುತ್ತವೆ. ಸತುವಿನ ಅಯಾನುಗಳು ಇವುಗಳೊಡನೆ ಸೇರಿ ಕೊನೆಗೆ ಆಕ್ಸೈಡಾಗಿ ನೆಲೆಗೊಳ್ಳುತ್ತವೆ. ದ್ರಾವಣದ ಸಾಂದ್ರತೆ ತಕ್ಕಂತಿದ್ದರೆ ಆರು ಮುಖದ ಕಡ್ಡಿಗಳು ಮೇಲೇಳುತ್ತವೆ. ಮೀಟರಿನ ನೂರು ಕೋಟಿಯಲ್ಲೊಂದು ಭಾಗವೇ ನ್ಯಾನೋಮೀಟರು. ಈ ಕಡ್ಡಿಗಳ ದಪ್ಪ ಹತ್ತಾರರಿಂದ ನೂರಾರು ನ್ಯಾನೋಮೀಟರು.

ಇವುಗಳ ಉಪಯೋಗವೇನು? ಸಾಮಾನ್ಯ ಕ್ಷ-ಕಿರಣ ನಳಿಗೆಯಲ್ಲಿ ಟಂಗ್‌ಸ್ಟನ್ ತಂತಿಯನ್ನು ಸುಮಾರು 2000 ಡಿಗ್ರಿಗೆ ಕಾಯಿಸಿ ಎಲೆಕ್ಟ್ರಾನುಗಳನ್ನು ಹೊರಡಿಸುತ್ತಾರೆ. ವಿದ್ಯುತ್ ಕ್ಷೇತ್ರವು ಸಾಕಷ್ಟು ಪ್ರಬಲವಾಗಿದ್ದರೆ ಕಾಯಿಸದೆಯೇ ಅವು ಹೊರಬರುವುದನ್ನು ಫೌಲರ್ ಮತ್ತು ನಾರ್ಡ್‌ಹೈಮ್ ಅವರು 1928ರಲ್ಲಿ ಕ್ವಾಂಟಮ್ ಸಿದ್ಧಾಂತದಿಂದ ವಿವರಿಸಿದರು. ಇದಕ್ಕೆ ನ್ಯಾನೋಮೀಟರಿಗೆ ಕೆಲವು ವೋಲ್ಟುಗಳಷ್ಟು ಕ್ಷೇತ್ರ ಬೇಕು. ಆದರೆ ಚೂಪಾದ ತುದಿಯಲ್ಲಿ ಕ್ಷೇತ್ರವು ತಾನಾಗಿ ದಟ್ಟವಾಗುವುದರಿಂದ, ಹೊರಗಿನಿಂದ ಅದರ ಸಾವಿರದಲ್ಲೊಂದು ಪಾಲನ್ನು ಕೊಟ್ಟರೂ ಸಾಕಾಗಬಹುದು. ಸೂಜಿಗಳು ತೀರ ಒತ್ತೊತ್ತಾಗಿದ್ದರೆ ಮಾತ್ರ ಒಂದಕ್ಕೊಂದು ಮರೆಯಾಗಿ ಈ ಲಾಭ ಕುಗ್ಗುತ್ತದೆ. ತೊಗರಿಯ ಸಾಲುಗಳ ನಡುವೆ ಅಂತರ ಬಿಡುವ ನಮ್ಮ ರೈತನ ಮಕ್ಕಳಿಗೆ ಇದು ಅರ್ಥವಾಗದ ಸಂಗತಿಯಲ್ಲ. ಎಷ್ಟು ಅಂತರ ಉತ್ತಮ, ವೋಲ್ಟೇಜನ್ನೂ ಉಷ್ಣತೆಯನ್ನೂ ಬದಲಿಸಿದರೆ ಅದು ಹೇಗೆ ಮಾರ್ಪಡುವುದು ಎಂಬಿವು ಅವರೇ ಕೈಗೆತ್ತಿಕೊಳ್ಳಬಹುದಾದ ಪ್ರಶ್ನೆಗಳು.

ಕಷ್ಟವಿರುವುದು ಅಳತೆಯಲ್ಲಿ. ಸೂಜಿಗಳನ್ನು ನೋಡಲು ಎಲೆಕ್ಟ್ರಾನು ಸೂಕ್ಷ್ಮದರ್ಶಕವೂ, ಹೊಮ್ಮುವ ವಿದ್ಯುತ್ತನ್ನು ಅಳೆಯಲು ವಾತಾವರಣದ ಒತ್ತಡದ ನೂರು ಕೋಟಿಯಲ್ಲೊಂದು ಪಾಲಿಗಿಂತ ಕಡಮೆ ಒತ್ತಡದ ನಿರ್ವಾತವೂ ಬೇಕು. ಅನಿಲದ ಅಣುಗಳು ಉಳಿದರೆ ಅವು ಅಯಾನುಗಳಾಗಿ ತುದಿಗಳಿಗೆ ಬಡಿದು ಸವೆಸುತ್ತವೆ. ಇಂತಹ ಉಪಕರಣಗಳನ್ನು ಪ್ರತಿ ಕಾಲೇಜಿಗೂ ಕೊಡಿಸಬೇಕೆನ್ನುವುದು ವಿವೇಕವಲ್ಲ. ಕಲಬುರಗಿಯಲ್ಲಿ 1980ರಿಂದ ವಿಶ್ವವಿದ್ಯಾಲಯವಿದೆ. ಆಳಂದ ತಾಲ್ಲೂಕಿನ ಕಡಗಂಚಿಯಲ್ಲಿ 2009ರಲ್ಲಿ ಸ್ಥಾಪಿತವಾದ ಕೇಂದ್ರೀಯ ವಿಶ್ವವಿದ್ಯಾಲಯವಿದೆ. ಜಿಲ್ಲೆಗೆ ಒಂದು ಸಾಮಾನ್ಯ ಮಾಪನ ಕೇಂದ್ರವಿರಲಿ. ತಿಂಗಳಲ್ಲಿ ಎರಡು ದಿನಗಳನ್ನು ತಾಲ್ಲೂಕು ಕಾಲೇಜುಗಳಿಗೆಂದೇ ಮೀಸಲಿಡಲಿ.

ಪದವಿ ಕಾಲೇಜಿಗೆ ಸಂಶೋಧನೆಯೇಕೆ, ಪಾಠ ಹೇಳಿದರೆ ಸಾಲದೇ ಎಂದು ಕೇಳುವವರುಂಟು. ಬೇರೆಯವರು ಅಳೆದ ಅಂಕಿಗಳನ್ನೇ ಬರೆದು ತೇರ್ಗಡೆಯಾದ ವಿದ್ಯಾರ್ಥಿಗೆ ಅಳತೆಯ ದೋಷವೆಂದರೇನೆಂಬುದು ಎಂದಿಗೂ ಮನದಟ್ಟಾಗದು. ಇಂತಹ ಸೂಜಿಗಳ ವಿದ್ಯುತ್ ಪ್ರವಾಹ ಏರಿಳಿಯುತ್ತದೆ, ತುದಿಗಳು ಕೆಡುತ್ತವೆ. ಆದುದರಿಂದಲೇ ಕಾದ ತಂತಿಯು ಇನ್ನೂ ತನ್ನ ಸ್ಥಾನವನ್ನು ಬಿಟ್ಟುಕೊಟ್ಟಿಲ್ಲ. ಗಂಟೆಗಟ್ಟಲೆ ಕುಳಿತು ಆ ಏರಿಳಿತವನ್ನು ಗುರುತಿಸಿ, ಬಂದುದನ್ನು ಬಂದಂತೆ ಬರೆದಿಡುವ ಶಿಸ್ತು ಪಾಠಕ್ಕೆ ಹೊರತಾದುದಲ್ಲ. ಗಾಜಿನ ಪಾತ್ರೆಯನ್ನು ಕಾಲೇಜು ಒದಗಿಸಬಲ್ಲುದು. ನಿರ್ವಾತದ ಬಾಗಿಲನ್ನು ವಿಶ್ವವಿದ್ಯಾಲಯವು ತೆರೆಯಲಿ.