ಮೂಳೆಯ ಮದ್ದೂ ಅದನ್ನು ನುಂಗುವವರೂ



ಕಳೆದ ಬೇಸಗೆಯಲ್ಲಿ ಮದುವೆ ಮುಂಜಿಗಳ ನಿಮಿತ್ತವಾಗಿ ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರುಗಳಲ್ಲಿ ಬಂಧುಗಳ ಮನೆಗಳಲ್ಲಿ ಕೆಲವು ಕಾಲ ಇದ್ದು ಬರುವ ಸಂದರ್ಭವು ನಮಗೆ ಒದಗಿತು. ಹೋದ ಕಡೆಯಲ್ಲೆಲ್ಲ ಅರುವತ್ತು ದಾಟಿದ ಹೆಂಗಸರ ಬಾಯಲ್ಲಿ ಒಂದೇ ಮಾತು: ಮೂಳೆಗೆಂದು ಡಾಕ್ಟರು ಕೊಟ್ಟ ಮದ್ದು ತಮಗೆ ಒಗ್ಗಲಿಲ್ಲ, ಬಿಟ್ಟುಬಿಟ್ಟೆವು ಎಂದು. ನೆಂಟರಿಗೆ ಹೇಳಿದ್ದರು, ನೆರೆಯವರಿಗೆ ಹೇಳಿದ್ದರು, ಹೂ ಮಾರುವವಳಿಗೂ ಹೇಳಿದ್ದರು. ಮದ್ದು ಕೊಟ್ಟ ಡಾಕ್ಟರೊಬ್ಬರಿಗೆ ಮಾತ್ರ ಹೇಳಿರಲಿಲ್ಲ. ಆದುದರಿಂದ ಈ ತಿಂಗಳ ನಮ್ಮ ಅಂಕಣವನ್ನು ಈ ವಿಷಯಕ್ಕೇ ಮೀಸಲಿಟ್ಟಿರುವೆವು.

ಮೊದಲು ಒಂದು ಗೊಂದಲವನ್ನು ನಿವಾರಿಸಬೇಕು. ನಮ್ಮ ಜನರಲ್ಲಿ ‘ಮೂಳೆ ಸವೆದಿದೆ’ ಎಂದರೆ ಮಂಡಿನೋವೆಂದು ತಿಳಿಯುವುದೇ ರೂಢಿ. ಮಂಡಿಯಲ್ಲಿ ಸವೆಯುವುದು ಕೀಲು. ನಾವು ಇಲ್ಲಿ ಹೇಳಹೊರಟಿರುವುದು ಅಸ್ಥಿರಂಧ್ರತೆ, ಎಂದರೆ ಆಸ್ಟಿಯೋಪೊರೋಸಿಸ್ ಎಂಬ ಬೇರೆ ವ್ಯಾಧಿ. ಇದರಲ್ಲಿ ಮೂಳೆಯ ಒಳಗಣ ಜಾಲರಿಯು ಗೆದ್ದಲು ತಿಂದ ತೊಲೆಯಂತೆ ಟೊಳ್ಳಾಗುತ್ತ ಹೋಗುವುದು. ಮುಟ್ಟು ನಿಂತ ಹೆಂಗಸರಲ್ಲಿ ಇದು ವಿಶೇಷವೆಂಬುದನ್ನು ಅಮೆರಿಕೆಯ ಫುಲ್ಲರ್ ಆಲ್‌ಬ್ರೈಟ್ ಎಂಬ ವೈದ್ಯರು 1941ರಲ್ಲಿಯೇ ವಿಶದಪಡಿಸಿದ್ದರು. ಕೀಲು ಸವೆದರೆ ನೋಯುವುದು. ಈ ವ್ಯಾಧಿಯಾದರೋ ಮೂಳೆ ಮುರಿಯುವವರೆಗೆ ಸಾಮಾನ್ಯವಾಗಿ ನೋಯುವುದೇ ಇಲ್ಲ. ಹೀಗಿರುವಾಗ ಇದರ ಮದ್ದು ಯಾವ ನೋವನ್ನು ಕಳೆಯಬೇಕು? ‘ನಾಲ್ಕು ತಿಂಗಳು ನುಂಗಿದೆ, ಮಂಡಿ ಹಾಗೆಯೇ ಇದೆ’ ಎಂದು ಗುಳಿಗೆಯನ್ನು ಎಸೆದವರನ್ನು ನಾವು ಒಬ್ಬಿಬ್ಬರನ್ನಲ್ಲ, ಹಲವರನ್ನು ಕಂಡಿರುವೆವು. ಮುರಿಯಬಹುದಾಗಿದ್ದ ಮೂಳೆ ಮುರಿಯದೆ ಉಳಿಯಿತೆಂಬುದೇ ಈ ಮದ್ದಿನ ಫಲ. ಆಗದೆ ಹೋದ ಅಪಘಾತವನ್ನು ಕಣ್ಣಿಂದ ಕಂಡವರು ಯಾರು?

ಚನ್ನಗಿರಿಯಲ್ಲಿರುವ ನಮ್ಮ ಸೋದರತ್ತೆಯ ಕಥೆಯನ್ನು ಸ್ವಲ್ಪ ವಿಸ್ತಾರವಾಗಿಯೇ ಹೇಳುವೆವು. ಆ ಸೀಮೆಯು ಅಡಿಕೆಯ ಸೀಮೆ. ಸುಗ್ಗಿಯ ದಿನಗಳಲ್ಲಿ ಮನೆಯಂಗಳವೆಲ್ಲ ಹಸಿ ಸಿಪ್ಪೆ. ಅತ್ತೆಯು ಅದರ ಮೇಲೆ ಕಾಲಿಟ್ಟು ಜಾರಿ, ಬೀಳುವಾಗ ಕೈಯೂರಿ, ಮುಂಗೈ ಮುರಿದುಕೊಂಡರು. ನಿಂತ ನೆಲದಲ್ಲಿ ಬಿದ್ದುದಕ್ಕೇ ಮೂಳೆ ಮುರಿಯಿತೆಂದರೆ ಮೂಳೆಯನ್ನೇ ಸಂಶಯಿಸತಕ್ಕದ್ದು ಎಂದು ದಾವಣಗೆರೆಯ ವೈದ್ಯರು ಸಾಂದ್ರತೆಯನ್ನು ಅಳೆಯಿಸಿದರು. ಆರೋಗ್ಯವಂತರಾದ ಯುವಜನರ ಸರಾಸರಿಗಿಂತ ಎರಡೂವರೆ ಅಂಶ ಅಥವಾ ಅದಕ್ಕೂ ಕೆಳಗೆ ಇಳಿದರೆ ವ್ಯಾಧಿಯೆಂದು ವಿಶ್ವ ಆರೋಗ್ಯ ಸಂಸ್ಥೆಯವರು 1994ರಲ್ಲಿ ಗೊತ್ತುಮಾಡಿರುವರು; ಅತ್ತೆಯದು ಅದಕ್ಕೂ ಕೆಳಗಿತ್ತು. ವಾರಕ್ಕೊಂದರಂತೆ ಅಲೆಂಡ್ರೋನೇಟ್ ಎಂಬ 70 ಮಿಲಿಗ್ರಾಮಿನ ಗುಳಿಗೆಯನ್ನು ಬರೆದುಕೊಟ್ಟರು.

ಅತ್ತೆಯು ಭಾನುವಾರವನ್ನು ಗೊತ್ತುಮಾಡಿಕೊಂಡರು. ನಸುಕಿನಲ್ಲೆದ್ದು ಗುಳಿಗೆಯನ್ನು ಬಾಯಿಗೆ ಹಾಕಿಕೊಂಡು, ಒಂದು ಗುಟುಕು ಕಾಫಿಯಿಂದ ಇಳಿಸಿ, ಚಳಿಯೆಂದು ಮತ್ತೆ ಹೊದ್ದು ಮಲಗುವರು. ಎದ್ದೊಡನೆ ಎಲೆಯಡಿಕೆ, ಸುಣ್ಣ. ಮೂರನೆಯ ವಾರಕ್ಕೆ ಎದೆಯಲ್ಲಿ ಕೆಂಡವಿಟ್ಟಂತಾಗಿ, ಉಗುಳು ನುಂಗಿದರೂ ನೋಯತೊಡಗಿತು. ಸೊಸೆಯು ಕೇಳಿದಾಗಲೆಲ್ಲ ‘ತಗೊಂಡೆನಮ್ಮಾ’ ಎನ್ನುತ್ತ, ಉಳಿದ ಗುಳಿಗೆಗಳನ್ನು ಅಕ್ಕಿಯ ಡಬ್ಬದ ತಳಕ್ಕೆ ಸೇರಿಸಿದರು. ಎಂಟು ತಿಂಗಳಾದ ಮೇಲೆ ಒಂದು ದಿನ ಬಚ್ಚಲಿನಲ್ಲಿ ಕೊಡವನ್ನೆತ್ತುವಾಗ ಬೆನ್ನಿನಲ್ಲಿ ಲಟಕ್ಕೆಂದಿತು. ಬೆನ್ನೆಲುಬಿನ ಒಂದು ಗಂಟು ಕುಸಿದಿತ್ತು. ಡಬ್ಬದ ಗುಟ್ಟು ಹೊರಬಿದ್ದುದು ಆಮೇಲೆ. ಮನೆಯವರೆಲ್ಲ ಅತ್ತೆಯ ಮೇಲೆ ರೇಗಿದರು. ಮೊದಲು ನಮಗೂ ಕೋಪವೇ ಬಂದಿತ್ತು. ಅಂಗಡಿಯವನು ಪಟ್ಟಿಯನ್ನು ಕತ್ತರಿಸಿ ಕೊಟ್ಟುದರಿಂದ ಸೂಚನೆಯ ಕಾಗದವು ಆ ಮನೆಗೆ ಬಂದೇ ಇರಲಿಲ್ಲವೆಂದೂ, ನುಂಗುವ ಕ್ರಮವನ್ನು ಯಾರೊಬ್ಬರೂ ಅವರಿಗೆ ಕನ್ನಡದಲ್ಲಿ ಹೇಳಿರಲಿಲ್ಲವೆಂದೂ ತಿಳಿದ ಮೇಲೆ ಆ ಕೋಪ ಇಳಿಯಿತು.

ಈ ಗುಳಿಗೆಯ ಜಾತಿಯ ಮೂಲವು ವಿನೋದವಾಗಿದೆ. ಕೊಳವೆಬಾವಿಯ ಗಡಸು ನೀರನ್ನು ಕಾಯಿಸಿದ ಹಂಡೆಯ ಒಳಗೆ ಬಿಳಿಯ ಹೆಕ್ಕಳೆ ಕಟ್ಟುವುದನ್ನು ಗೃಹಿಣಿಯರೆಲ್ಲ ಬಲ್ಲರು. ಕಾರ್ಖಾನೆಯ ಕೊಳವೆಗಳಲ್ಲಿ ಹಾಗೆ ಕಟ್ಟದಂತೆ ನೀರಿಗೆ ಬೆರೆಸುತ್ತಿದ್ದ ರಾಸಾಯನಿಕಗಳಿಗೆ ಇವು ಸಂಬಂಧಿಗಳು. ಸುಣ್ಣಕ್ಕೆ ಅಂಟಿಕೊಳ್ಳುವುದು ಅವುಗಳ ಗುಣ. ಸ್ವಿಟ್ಸರ್ಲೆಂಡಿನ ಹರ್ಬರ್ಟ್ ಫ್ಲೈಷ್ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ ಆ ಗುಣವನ್ನು ಮೂಳೆಗೆ ಅನ್ವಯಿಸಿ ನೋಡಿದರು. ಮೂಳೆಯಲ್ಲಿ ಹಳೆಯದನ್ನು ಕೆರೆದು ತೆಗೆಯುವ ಜೀವಕೋಶಗಳೂ ಹೊಸದನ್ನು ಕಟ್ಟುವ ಜೀವಕೋಶಗಳೂ ಸದಾ ಕೆಲಸದಲ್ಲಿರುವುವು. ಮದ್ದು ಮೂಳೆಯ ಸುಣ್ಣಕ್ಕೆ ಅಂಟಿಕೊಂಡಿದ್ದು, ಕೆರೆಯುವ ಕೋಶಗಳು ಅದನ್ನು ಒಳಕ್ಕೆ ತೆಗೆದುಕೊಂಡೊಡನೆ ಅವುಗಳ ಕೈ ಕಟ್ಟುವುದು.

ಇಷ್ಟು ತಿಳಿದರೆ ಅತ್ತೆಯ ತಪ್ಪುಗಳೆಲ್ಲ ತಾವಾಗಿಯೇ ಕಾಣುವುವು. ಬರಿಯ ಹೊಟ್ಟೆಯಲ್ಲಿ ನುಂಗಿದರೂ ಈ ಗುಳಿಗೆಯಲ್ಲಿ ನೂರಕ್ಕೆ ಒಂದು ಪಾಲು ಸಹ ರಕ್ತಕ್ಕೆ ಸೇರುವುದಿಲ್ಲ. ಕಾಫಿಯೊಡನೆ ನುಂಗಿದರೆ ಆ ಅಲ್ಪದಲ್ಲಿಯೂ ನೂರಕ್ಕೆ ಅರುವತ್ತರಷ್ಟು ನಷ್ಟ. ತಾಂಬೂಲದ ಸುಣ್ಣವಾಗಲಿ, ಹಾಲಾಗಲಿ, ಕ್ಯಾಲ್ಸಿಯಂ ಗುಳಿಗೆಯಾಗಲಿ ಹೊಟ್ಟೆಯಲ್ಲಿಯೇ ಅದನ್ನು ಹಿಡಿದುಹಾಕುವುವು. ಇನ್ನು ಮಲಗಿದರೆ ಗುಳಿಗೆಯು ಅನ್ನನಾಳದಲ್ಲಿ ತಂಗಿ ಅಲ್ಲಿಯ ಚರ್ಮವನ್ನು ಸುಡುವುದು. 1995ರಲ್ಲಿ ಅಮೆರಿಕೆಯಲ್ಲಿ ಅನುಮತಿ ಪಡೆದ ಈ ಮದ್ದಿನಿಂದ ಅನ್ನನಾಳದಲ್ಲಿ ಹುಣ್ಣಾದ ವರದಿಗಳು ಮರುವರ್ಷವೇ ಪ್ರಕಟವಾದುವು. ಅವರಲ್ಲಿ ಅನೇಕರು ನೀರು ಕಡಮೆ ಕುಡಿದವರು, ಇಲ್ಲವೆ ನುಂಗಿ ಮಲಗಿದವರು. ಬೆಳಗ್ಗೆ ಎದ್ದೊಡನೆ, ಒಂದು ತುಂಬು ಲೋಟ ಸಾದಾ ನೀರಿನೊಡನೆ, ಅಗಿಯದೆ ಚೀಪದೆ ನುಂಗಿ, ಅರ್ಧ ಗಂಟೆ ನೆಟ್ಟಗೆ ಕುಳಿತೋ ನಿಂತೋ ಇದ್ದು, ಆಮೇಲೆ ಏನನ್ನಾದರೂ ಬಾಯಿಗೆ ಹಾಕಿಕೊಂಡು, ಅದಾದ ನಂತರವೇ ಒರಗತಕ್ಕದ್ದು. ಮರೆತರೆ ಮರುದಿನ ಬೆಳಗ್ಗೆ ಒಂದನ್ನು ನುಂಗಬಹುದು. ಒಂದೇ ದಿನ ಎರಡು ಕೂಡದು. ಅಷ್ಟು ಹೊತ್ತು ನೆಟ್ಟಗಿರಲಾರದವರಿಗೂ ನುಂಗುವುದೇ ಕಷ್ಟವಾದವರಿಗೂ ಈ ಗುಳಿಗೆಯೇ ತಕ್ಕುದಲ್ಲ. ಎದೆ ಉರಿದರೆ, ನುಂಗುವಾಗ ನೋವಾದರೆ, ಮುಂದಿನ ಗುಳಿಗೆಯನ್ನು ನಿಲ್ಲಿಸಿ ಅದೇ ವಾರ ವೈದ್ಯರಿಗೆ ತಿಳಿಸಬೇಕು. ಏಕೆಂದರೆ ಬೇರೆ ದಾರಿಯುಂಟು. ಅತ್ತೆಗೂ ಕೊನೆಗೆ ಅದನ್ನೇ ಹಿಡಿಸಿದರು: ವರ್ಷಕ್ಕೊಮ್ಮೆ ರಕ್ತನಾಳಕ್ಕೆ ಹನಿಸುವ ಜೋಲೆಡ್ರೋನಿಕ್ ಆಮ್ಲ.

ಆ ಹನಿಮದ್ದಿನ ಫಜೀತಿಯನ್ನು ನಾವು ಕೇಳಿದುದು ಹೊನ್ನಾಳಿಯಲ್ಲಿ, ತುಂಗಭದ್ರೆಗೆ ಸಮೀಪದ ಒಂದು ಮನೆಯಲ್ಲಿ. ಮನೆಯಾಕೆಯು ಶಿವಮೊಗ್ಗೆಯಲ್ಲಿ ಮದ್ದನ್ನು ಹನಿಸಿಕೊಂಡು ಸಾಯಂಕಾಲ ನಗುನಗುತ್ತಲೇ ಮರಳಿದ್ದರು. ನಡುರಾತ್ರಿಗೆ ಚಳಿಜ್ವರ; ಮೈಯನ್ನೆಲ್ಲ ಒನಕೆಯಿಂದ ಕುಟ್ಟಿದಂತೆ ನೋವು. ಮಗನು ಹೆದರಿ ಬಾಡಿಗೆಯ ಕಾರಿನಲ್ಲಿ ಮತ್ತೆ ಶಿವಮೊಗ್ಗೆಗೆ ಓಡಿದನು. ಮೂರನೆಯ ದಿನ ಜ್ವರವು ತಾನಾಗಿಯೇ ಇಳಿದರೂ, ‘ಆ ವಿಷ ಇನ್ನು ಬೇಡ’ ಎಂದು ಆಕೆಯು ಎರಡನೆಯ ವರ್ಷ ಹೋಗಲೇ ಇಲ್ಲ. 2007ರಲ್ಲಿ ಪ್ರಕಟವಾದ ದೊಡ್ಡ ಪರೀಕ್ಷೆಯೊಂದರಲ್ಲಿ 7,765 ಸ್ತ್ರೀಯರು ಸೇರಿದ್ದರು. ಮದ್ದು ಪಡೆದವರಲ್ಲಿ ಮೊದಲ ಸಲ ಇಂತಹ ಬಾಧೆ ಕಂಡುದು ನೂರಕ್ಕೆ ಸುಮಾರು 32 ಮಂದಿಗೆ. ಎರಡನೆಯ ಸಲ 7ಕ್ಕೂ ಕಡಮೆ. ಮೂರನೆಯ ಸಲ 3ಕ್ಕೂ ಕಡಮೆ. ಸೊಂಟದ ಮೂಳೆ ಮುರಿಯುವುದು ಮಾತ್ರ ನೂರಕ್ಕೆ 41ರಷ್ಟು ತಗ್ಗಿತು. ಹೊನ್ನಾಳಿಯ ಆಕೆಯು ಅತ್ಯಂತ ಕಷ್ಟದ ಮೆಟ್ಟಲನ್ನು ಹತ್ತಿದ ಮೇಲೆ ಹಿಂದಿರುಗಿದಂತಾಯಿತು. ‘ಇಂದು ರಾತ್ರಿ ಜ್ವರ ಬಂದೀತು, ಪ್ಯಾರಸಿಟಮಾಲ್ ಕೊಡಿ, ನೀರು ಚೆನ್ನಾಗಿ ಕುಡಿಸಿ’ ಎಂದು ಯಾರಾದರೂ ಮೊದಲೇ ಒಂದು ಮಾತು ಹೇಳಿದ್ದರೆ! ಮೂತ್ರಪಿಂಡದ ರಕ್ತಪರೀಕ್ಷೆಯಾಗಿದೆಯೇ, ಡಿ ಜೀವಸತ್ತ್ವದ ಕೊರತೆಯನ್ನು ತುಂಬಿದೆಯೇ ಎಂಬ ಎರಡು ಪ್ರಶ್ನೆಗಳನ್ನು ಹನಿಸುವ ಮುನ್ನವೇ ಕೇಳಬೇಕು.

ಡಿ ಜೀವಸತ್ತ್ವದ ಮಾತು ಬಂದುದರಿಂದ ಇಲ್ಲಿಯೇ ಹೇಳಿಬಿಡುವೆವು. ಅಂಗಡಿಯಲ್ಲಿ ದೊರೆಯುವ 60,000 ಅಂಶದ ಪುಡಿಯ ಪೊಟ್ಟಣವು ಸಾಮಾನ್ಯವಾಗಿ ವಾರಕ್ಕೊಂದು, ಅದೂ ಕೆಲವು ವಾರ ಮಾತ್ರ. ರುಚಿಯಾಗಿದೆಯೆಂದು ದಿನವೂ ಹಾಲಿಗೆ ಬೆರೆಸಿ ಕುಡಿದ ಯಜಮಾನರೊಬ್ಬರು ವಾಂತಿ, ಬಾಯಾರಿಕೆ, ಮಲಬದ್ಧತೆಗಳಿಂದ ಹಾಸಿಗೆ ಹಿಡಿದುದನ್ನು ನಾವು ಬಲ್ಲೆವು.

ಮೊದಲು ಹೊನ್ನಾಳಿಗೆ ಸೇರಿದ್ದು ಈಚೆಗೆ ತಾನೇ ತಾಲ್ಲೂಕಾಗಿರುವ ನ್ಯಾಮತಿಯಲ್ಲಿ ಕಂಡುದು ಇನ್ನೊಂದು ಬಗೆ. ಅಲ್ಲಿ ನಿವೃತ್ತ ಉಪಾಧ್ಯಾಯಿನಿಯೊಬ್ಬರಿಗೆ ಆರು ತಿಂಗಳಿಗೊಮ್ಮೆ ಚರ್ಮದಡಿಗೆ ಚುಚ್ಚುವ ಡೆನೋಸುಮಾಬ್ ಎಂಬ ಸೂಜಿಮದ್ದನ್ನು ಕೊಡುತ್ತಿದ್ದರು. ಯಾವ ಬಾಧೆಯೂ ಇರಲಿಲ್ಲ. ಅದೇ ಅಪಾಯಕ್ಕೆ ಕಾರಣವಾಯಿತು. ಮಗಳ ಬಾಣಂತನಕ್ಕೆಂದು ಬೆಂಗಳೂರಿಗೆ ಹೋದವರು ಒಂದು ಸರದಿಯನ್ನು ತಪ್ಪಿಸಿದರು. ಹನಿಮದ್ದು ಮೂಳೆಯಲ್ಲಿ ವರ್ಷಗಟ್ಟಲೆ ಉಳಿಯುವಂತೆ ಈ ಮದ್ದು ಉಳಿಯುವುದಿಲ್ಲ. ತಡವಾದರೆ ಅದುವರೆಗೆ ತಡೆದಿದ್ದ ಸವೆತವು ಕಟ್ಟೆಯೊಡೆದಂತೆ ನುಗ್ಗುವುದು. ಬೆನ್ನೆಲುಬಿನ ಗಂಟುಗಳು ಒಂದರ ಮೇಲೊಂದು ಕುಸಿಯಬಹುದು. ಆಕೆಗೆ ಎರಡು ಕುಸಿದುವು. ಈ ಮದ್ದನ್ನು ನಿಲ್ಲಿಸಬೇಕಾದರೂ ಅದರ ಬದಲಿಗೆ ಬೇರೊಂದನ್ನು ಹಿಡಿದೇ ನಿಲ್ಲಿಸತಕ್ಕದ್ದು. ಮೂತ್ರಪಿಂಡವು ತೀರ ಕೆಟ್ಟವರಲ್ಲಿ ಇದು ರಕ್ತದ ಕ್ಯಾಲ್ಸಿಯಮ್ಮನ್ನು ಪ್ರಾಣಾಪಾಯದ ಮಟ್ಟಕ್ಕೆ ಇಳಿಸಬಹುದೆಂದು ಅಮೆರಿಕೆಯ ಸರಕಾರದ ಔಷಧ ಇಲಾಖೆಯವರು 2024ರಲ್ಲಿ ಕಟ್ಟೆಚ್ಚರಿಕೆ ಕೊಟ್ಟಿರುವರು.

ಎರಡು ದೊಡ್ಡ ಭಯಗಳು ಎಲ್ಲರ ಕಿವಿಗೂ ಬಿದ್ದಿರುವುವು. ದವಡೆಯ ಮೂಳೆ ಕೊಳೆಯುವುದೆಂಬುದು ಒಂದು. ಇದನ್ನು 2003ರಲ್ಲಿ ಮೊದಲು ವರ್ಣಿಸಿದುದು ಹೆಚ್ಚಾಗಿ ಅರ್ಬುದರೋಗಕ್ಕಾಗಿ ಬಹು ದೊಡ್ಡ ಪ್ರಮಾಣದಲ್ಲಿ ಮದ್ದು ಪಡೆದವರಲ್ಲಿ. ಮೂಳೆಯ ಟೊಳ್ಳಿಗಾಗಿ ಪಡೆಯುವವರಲ್ಲಿ ಅದು ಬಹಳ ವಿರಳ. ಆದರೂ ಎಲೆಯಡಿಕೆಯಿಂದ ಹಲ್ಲು ವಸಡುಗಳನ್ನು ಕೆಡಿಸಿಕೊಂಡಿರುವ ನಮ್ಮ ಹಿರಿಯರು ಮದ್ದಿಗೆ ಮುನ್ನವೇ ಹಲ್ಲನ್ನು ತೋರಿಸಿ, ಕೀಳಿಸಬೇಕಾದುದನ್ನು ಕೀಳಿಸಿಕೊಳ್ಳುವುದು ಲೇಸು. ಇನ್ನೊಂದು, ವರ್ಷಗಟ್ಟಲೆ ಗುಳಿಗೆ ನುಂಗಿದವರ ತೊಡೆಯ ಮೂಳೆಯು ನಡುವೆ ಮುರಿಯುವುದು. ಕ್ಯಾಲಿಫೋರ್ನಿಯದಲ್ಲಿ 1,96,129 ಸ್ತ್ರೀಯರ ದಾಖಲೆಗಳನ್ನು ನೋಡಿ 2020ರಲ್ಲಿ ಪ್ರಕಟಿಸಿದ ಲೆಕ್ಕದಲ್ಲಿ ಇಂತಹವು 277. ಏಷ್ಯಾ ಮೂಲದವರಲ್ಲಿ ಇದು ಬಿಳಿಯರಿಗಿಂತ ಹೆಚ್ಚೆಂಬುದನ್ನು ನಾವು ಮರೆಯಕೂಡದು: ಅಂತಹ 10,000 ಮಂದಿ ಮೂರು ವರ್ಷ ಮದ್ದು ತೆಗೆದುಕೊಂಡರೆ ಸೊಂಟದ 91 ಮುರಿತಗಳು ತಪ್ಪುವುವು, ತೊಡೆಯ 8 ಮುರಿತಗಳು ಬರುವುವು ಎಂದು ಆ ಲೆಕ್ಕ. ಈ ಮುರಿತಕ್ಕೆ ಮುಂಚೆ ಅನೇಕರಿಗೆ ತೊಡೆಯಲ್ಲೋ ತೊಡೆಸಂದಿನಲ್ಲೋ ವಾರಗಟ್ಟಲೆ ಮಂದವಾದ ನೋವಿರುವುದು. ಅದನ್ನು ವಾಯುವೆಂದು ಎಣ್ಣೆ ತಿಕ್ಕುತ್ತ ಕೂರದೆ ಚಿತ್ರ ತೆಗೆಯಿಸಬೇಕು. ಇದಕ್ಕಾಗಿಯೇ ಮೂರರಿಂದ ಐದು ವರ್ಷಗಳಾದ ಮೇಲೆ ಕೆಲವರಿಗೆ ವೈದ್ಯರೇ ಗುಳಿಗೆಗೆ ರಜೆ ಕೊಡುವರು. ವೈದ್ಯರು ಕೊಟ್ಟ ರಜೆ ಬೇರೆ, ಅಕ್ಕಿಯ ಡಬ್ಬದ ರಜೆ ಬೇರೆ.

ಜಗಳೂರಿನಲ್ಲಿ ಕಂಡುದನ್ನು ನೆನೆದರೆ ನಮಗೆ ಈಗಲೂ ವ್ಯಸನವಾಗುವುದು. ಅದು ಮಳೆ ಕಡಮೆಯಾದ ಸೀಮೆ. ತಾಲ್ಲೂಕಿನ ಹಲವು ಹಳ್ಳಿಗಳ ಕೊಳವೆಬಾವಿಗಳ ನೀರಿನಲ್ಲಿ ಫ್ಲೋರೈಡು ಹೆಚ್ಚು. ಅಲ್ಲಿಯ ಒಂದು ಮನೆಯ ತಾಯಿಗೆ ಹಲ್ಲುಗಳ ಮೇಲೆ ಕಂದು ಪಟ್ಟೆ, ಬಗ್ಗಲು ಬಾರದ ಬೆನ್ನು. ಹೊಸ್ತಿಲೆಡವಿ ಬಿದ್ದು ಆಕೆಯ ಮುಂಗೈ ಮುರಿದಿತ್ತು. ಸಾಂದ್ರತೆಯನ್ನು ಅಳೆಯಿಸಿದರೆ ಬೆನ್ನೆಲುಬಿನ ಅಂಕಿ ವಯಸ್ಸಿಗೆ ಮೀರಿ ಚೆನ್ನಾಗಿತ್ತು! ಮಗನು ಆ ಕಾಗದವನ್ನು ನಮಗೆ ಹೆಮ್ಮೆಯಿಂದ ತೋರಿಸಿದನು.

ಫ್ಲೋರೈಡು ಮೂಳೆಯನ್ನು ದಟ್ಟವಾಗಿಸುವುದು, ಗಟ್ಟಿಯಾಗಿಸುವುದಿಲ್ಲ. ನಮ್ಮ ದೇಶದಲ್ಲಿ ಈ ನೀರಿನ ವ್ಯಾಧಿಯನ್ನು ನೆಲ್ಲೂರು ಜಿಲ್ಲೆಯಲ್ಲಿ ಗುರುತಿಸಿ 1937ರಲ್ಲಿಯೇ ಬರೆದಿದ್ದರು. ಆದರೂ ಮುಂದೆ ಪಶ್ಚಿಮದೇಶಗಳಲ್ಲಿ ಸೋಡಿಯಂ ಫ್ಲೋರೈಡನ್ನೇ ಮೂಳೆಯ ಟೊಳ್ಳಿಗೆ ಮದ್ದೆಂದು ಕೊಟ್ಟು ನೋಡಿದರು. ಅಮೆರಿಕೆಯ ಮೇಯೋ ಚಿಕಿತ್ಸಾಲಯದವರು 202 ಸ್ತ್ರೀಯರಲ್ಲಿ ನಾಲ್ಕು ವರ್ಷ ಪರೀಕ್ಷಿಸಿ 1990ರಲ್ಲಿ ಫಲವನ್ನು ಪ್ರಕಟಿಸಿದರು. ಸೊಂಟದೆಡೆಯ ಬೆನ್ನೆಲುಬಿನ ಸಾಂದ್ರತೆಯು ನೂರಕ್ಕೆ 35ರಷ್ಟು ಏರಿತ್ತು. ಬೆನ್ನೆಲುಬಿನ ಮುರಿತಗಳು ಗಣನೀಯವಾಗಿ ಇಳಿದಿರಲಿಲ್ಲ, ಕೈಕಾಲುಗಳ ಮುರಿತಗಳು ಹೆಚ್ಚಿದ್ದುವು. ಅಲ್ಲಿ ಮದ್ದೆಂದು ಕೊಟ್ಟು ಕೈಬಿಟ್ಟುದನ್ನು ಇಲ್ಲಿ ನಮ್ಮ ತಾಯಂದಿರು ಬಾಯಾರಿಕೆಗೆಂದು ಬಾಳೆಲ್ಲ ಕುಡಿದಿರುವರು.

ಆ ತಾಯಿಯನ್ನು ಮತ್ತೊಬ್ಬ ವೈದ್ಯರಲ್ಲಿಗೆ ಕರೆದೊಯ್ದಾಗ ನಾವೂ ಜೊತೆಗಿದ್ದೆವು. ಆತನು ಅಂಕಿಯ ಕಾಗದವನ್ನು ಪಕ್ಕಕ್ಕಿಟ್ಟು, ಬಾಯಿ ತೆರೆಯಿಸಿ ಹಲ್ಲನ್ನು ನೋಡಿ, ‘ಕುಡಿಯುವ ನೀರು ಯಾವುದಮ್ಮಾ?’ ಎಂದು ಕೇಳಿದನು. ದಾರಿಯಲ್ಲಿ ಆಕೆಯು, ‘ಯಾವ ಗುಳಿಗೆ ತಿಂತೀಯೆ ಅಂತ ಎಲ್ಲರೂ ಕೇಳಿದರು, ಯಾವ ನೀರು ಕುಡೀತೀಯೆ ಅಂತ ಇವನೊಬ್ಬನೇ ಕೇಳಿದ’ ಎಂದಳು. ಫ್ಲೋರೈಡು ಕಾಯಿಸುವುದರಿಂದ ಹೋಗದು. ನೀರು ಆರಿದಷ್ಟೂ ಉಳಿದುದರಲ್ಲಿ ಅದು ಹೆಚ್ಚುವುದು. ಆದಕಾರಣ ಈಗ ಆ ಮನೆಯಲ್ಲಿ ಊರಿನ ಶುದ್ಧೀಕರಣ ಘಟಕದ ನೀರನ್ನು ಕುಡಿಯಲು ಮಾತ್ರವಲ್ಲದೆ ಅನ್ನ ಸಾರುಗಳಿಗೂ ಬಳಸುತ್ತಿರುವರು. ನಾವು ಹೊರಡುವ ದಿನ ಪಡಸಾಲೆಯಲ್ಲಿ ನೀರಿನ ಎರಡು ಕ್ಯಾನುಗಳಿದ್ದುವು. ಒಂದರ ಮೇಲೆ ಮೊಮ್ಮಗಳು ಸುಣ್ಣದಿಂದ ‘ಅಜ್ಜಿಗೆ’ ಎಂದು ಬರೆದಿದ್ದಳು.