ಮೂರು ಸಹಿಗಳಿಗೆ ಗಿಣಿಮನೆಯ ಉತ್ತರ

ಕಳೆದ ತಿಂಗಳು ನಮ್ಮ ಬಡಾವಣೆಯ ಕ್ಷೇಮಾಭಿವೃದ್ಧಿ ಸಂಘಕ್ಕೆ ನಾಲ್ಕು ಪುಟದ ದೂರು ಹೋಗಿದೆ. ನನಗೂ ಒಂದು ಪ್ರತಿ ಕಳಿಸುವ ಸೌಜನ್ಯ ತೋರಿದ್ದಾರೆ. ಮೈಸೂರಿನ ನನ್ನ ಮನೆಯ ಮಹಡಿಯಲ್ಲಿ, ಸಾಕಿದವರಿಗೆ ಬೇಡವಾದ ವಿದೇಶಿ ಗಿಣಿಗಳನ್ನು ಇಟ್ಟುಕೊಂಡು, ಆರೈಕೆ ಮಾಡಿ, ತಕ್ಕ ಮನೆ ಸಿಕ್ಕಾಗ ದತ್ತು ಕೊಡುವ ಕೆಲಸವನ್ನು ನಾನು ನಿಲ್ಲಿಸಬೇಕಂತೆ. ಕೆಳಗೆ ಮೂರು ಸಹಿಗಳಿವೆ. ಮೊದಲನೆಯವರ ಪ್ರಕಾರ ಹಕ್ಕಿ ಪಂಜರದಲ್ಲಿ ಇರಲೇಕೂಡದು. ಎರಡನೆಯವರಿಗೆ ನನ್ನಿಂದ ಒಂದು ಹಕ್ಕಿ ಬೇಕಿತ್ತು, ಸಿಗಲಿಲ್ಲ. ಮೂರನೆಯವರು ಹಕ್ಕಿ ಮಾರುತ್ತಾರೆ. ಈ ಮೂವರನ್ನು ಒಂದೇ ಕಾಗದದ ಮೇಲೆ ಕೂರಿಸಿದ ಕೀರ್ತಿಯಾದರೂ ನನಗೆ ಸಲ್ಲಬೇಕು. ಓದುಗರು ಪಂಚರ ಜಾಗದಲ್ಲಿ ಕೂತು ಕೇಳಲಿ. ಒಂದೊಂದೇ ಆಕ್ಷೇಪವನ್ನು ಎತ್ತಿಕೊಳ್ಳುತ್ತೇನೆ.

ಮೊದಲ ಆಕ್ಷೇಪ ಕೇಳಲು ಹಿತವಾಗಿದೆ: ಹಾರುವುದು ಹಕ್ಕಿಯ ಹಕ್ಕು, ಒಂದು ಪಂಜರದಿಂದ ಇನ್ನೊಂದಕ್ಕೆ ಸಾಗಿಸುವುದು ರಕ್ಷಣೆಯಲ್ಲ, ಬಾಗಿಲು ತೆಗೆದು ಬಿಟ್ಟುಬಿಡಿ. ಎಲ್ಲಿಗೆ ಬಿಡಬೇಕು ಎಂಬ ಸಣ್ಣ ವಿವರ ಮಾತ್ರ ನಾಲ್ಕು ಪುಟಗಳಲ್ಲಿ ಎಲ್ಲೂ ಇಲ್ಲ. ನನ್ನಲ್ಲಿರುವ ಕಾಕಟೀಲ್ ಮತ್ತು ಬಜ್ಜಿಗಳ ಮೂಲ ಆಸ್ಟ್ರೇಲಿಯಾದ ಒಣ ಬಯಲು. (ಬಜ್ಜಿಯನ್ನೇ ನಮ್ಮೂರ ಅಂಗಡಿಗಳು ಲವ್ ಬರ್ಡ್ಸ್ ಎಂದು ಮಾರುತ್ತವೆ. ನಿಜವಾದ ಲವ್ ಬರ್ಡ್ ಆಫ್ರಿಕಾದ್ದು, ಬೇರೆಯೇ ಹಕ್ಕಿ.) ಇವು ಎಷ್ಟೋ ತಲೆಮಾರಿನಿಂದ ಪಂಜರದಲ್ಲೇ ಮೊಟ್ಟೆಯೊಡೆದು ಬಂದವು. ಕಾಡಿನ ಬಜ್ಜಿ ಹುಲ್ಲಿನ ನಡುವೆ ಕಾಣದಷ್ಟು ಹಸಿರು. ಅಂಗಡಿಯ ಬಜ್ಜಿ ಬಿಳಿ, ಹಳದಿ, ನೀಲಿ; ಕಾಗೆಗೆ ಅರ್ಧ ಮೈಲಿಯಿಂದ ಕಾಣುವ ಬಣ್ಣ. ಎರಡು ವರ್ಷದ ಹಿಂದೆ ಯಾರೋ ಪುಣ್ಯಾತ್ಮರು ಹೀಗೆ 'ಬಿಡುಗಡೆ' ಮಾಡಿದ ಹಳದಿ ಕಾಕಟೀಲ್ ಒಂದು ನಮ್ಮ ಬೀದಿ ಕೊನೆಯ ಹೊಂಗೆ ಮರಕ್ಕೆ ಬಂದು ಕೂತಿತ್ತು. ಸುತ್ತ ಆರು ಕಾಗೆ. ನಾನು ಏಣಿ ತರುವಷ್ಟರಲ್ಲಿ ಒಂದು ಕಣ್ಣು ಹೋಗಿತ್ತು. ಹಿಡಿದಾಗ ಎದೆಯ ಮೂಳೆ ಚಾಕುವಿನ ಅಲುಗಿನಂತೆ ಬೆರಳಿಗೆ ತಾಗಿತು. ಅದು ಕಾಳು ಹುಡುಕುವುದನ್ನು ಕಲಿತಿರಲೇ ಇಲ್ಲ, ಬಟ್ಟಲು ಬರಲೆಂದು ಕಾದಿತ್ತು.

ಇದಕ್ಕೆ ಅವರ ಬಳಿ ಮರುವಾದ ಸಿದ್ಧವಿದೆ: ಲಂಡನ್ನಿನ ಉದ್ಯಾನಗಳಲ್ಲಿ ನಮ್ಮ ಕೊರಳಪಟ್ಟಿಯ ಗಿಣಿಗಳು ಸಾವಿರಗಟ್ಟಲೆ ಬದುಕುತ್ತಿಲ್ಲವೇ? ಬದುಕುತ್ತಿವೆ. ಅದು ಹಿಮಾಲಯದ ತಪ್ಪಲಿನ ಚಳಿಯನ್ನೂ ತಾಳುವ ಜಾತಿ. ಅಲ್ಲಿ ಬೇರೂರಿದ ಹಿಂಡು ಎಲ್ಲರ ಕಣ್ಣಿಗೂ ಬೀಳುತ್ತದೆ, ಬೇರೂರದೆ ಸತ್ತವು ಬೀಳುವುದಿಲ್ಲ. ಇನ್ನೊಂದು ಮಾತನ್ನು ಅವರು ನುಂಗಿಕೊಂಡಿದ್ದಾರೆ. ಹೆಚ್ಚಿನ ಗಿಣಿಗಳು ಗೂಡು ಕಟ್ಟುವುದಿಲ್ಲ, ಮರದ ಪೊಟರೆ ಹಿಡಿಯುತ್ತವೆ. ಹೊರಗಿನ ಗಿಣಿ ಇಲ್ಲಿ ನೆಲೆಯೂರಿದರೆ ಅದೇ ಪೊಟರೆಗಳನ್ನು ನಂಬಿದ ಮೈನಾ, ಗೂಬೆ, ನಮ್ಮದೇ ಗಿಣಿಗಳು ಎಲ್ಲಿಗೆ ಹೋಗಬೇಕು? ಬಿಟ್ಟ ಹಕ್ಕಿ ಸತ್ತರೆ ಅದಕ್ಕೆ ನಷ್ಟ, ಬದುಕಿದರೆ ಇಲ್ಲಿನವಕ್ಕೆ ನಷ್ಟ. ಲಾಭ ಬಾಗಿಲು ತೆಗೆದವರ ಮನಸ್ಸಿನ ನೆಮ್ಮದಿಗೆ ಮಾತ್ರ.

ಪತ್ರ 2015ರ ದೆಹಲಿ ಹೈಕೋರ್ಟ್ ಆದೇಶವನ್ನೂ ಹೆಸರಿಸಿದೆ. ಹಕ್ಕಿಗೆ ಆಕಾಶದಲ್ಲಿ ಹಾರುವ ಹಕ್ಕಿದೆ, ವ್ಯಾಪಾರಕ್ಕಾಗಲಿ ಇನ್ನೊಂದಕ್ಕಾಗಲಿ ಅದನ್ನು ಸಣ್ಣ ಪಂಜರದಲ್ಲಿಡುವ ಹಕ್ಕು ಮನುಷ್ಯನಿಗಿಲ್ಲ ಎಂದು ಅಲ್ಲಿ ಹೇಳಿದ್ದು ನಿಜ. ಆ ಪ್ರಕರಣ ಯಾವುದೆಂದು ಅವರು ಹೇಳಿಲ್ಲ, ನಾನು ಹೇಳುತ್ತೇನೆ. ವಶಪಡಿಸಿಕೊಂಡ ಹಕ್ಕಿಗಳನ್ನು ಒಡೆಯನಿಗೇ ಮರಳಿಸಲು ಕೆಳ ನ್ಯಾಯಾಲಯ ಒಪ್ಪಿತ್ತು, ಅದನ್ನು ಒಂದು ಪ್ರಾಣಿದಯಾ ಸಂಸ್ಥೆ ಪ್ರಶ್ನಿಸಿತ್ತು. ಆದೇಶದ ಬಿಸಿ ತಟ್ಟಿದ್ದು ಹಕ್ಕಿ ವ್ಯಾಪಾರಕ್ಕೆ. ಅದನ್ನು ಉಲ್ಲೇಖಿಸಿದವರ ಸಹಿಯಿಂದ ಎರಡು ಅಂಗುಲ ಕೆಳಗೆ ಹಕ್ಕಿ ವ್ಯಾಪಾರಿಯ ಸಹಿ ಇದೆ.

ಎರಡನೆಯ ಆಕ್ಷೇಪ: ದತ್ತು ಎಂಬುದು ನೆಪ, ಶುಲ್ಕ ತೆಗೆದುಕೊಳ್ಳುತ್ತಾರಾದ್ದರಿಂದ ಇದು ಮಾರಾಟವೇ. ಕಾಕಟೀಲ್‌ಗೆ ನಾನು ಕೇಳುವುದು ಒಂದೂವರೆ ಸಾವಿರ ರೂಪಾಯಿ. ಹೊಂಗೆ ಮರದ ಆ ಹಕ್ಕಿಯನ್ನು ಹಕ್ಕಿ ವೈದ್ಯರಿಗೆ ತೋರಿಸಲು ಬೆಂಗಳೂರಿಗೆ ಮೂರು ಸಲ ಹೋಗಿಬಂದ ಟ್ಯಾಕ್ಸಿ ಖರ್ಚೇ ಅದರ ಹಲವು ಪಟ್ಟು. ಹೀಗೆ 'ಮಾರಿ' ಲಾಭ ಮಾಡುವ ದಾರಿ ಬಲ್ಲವರಿದ್ದರೆ ದಯವಿಟ್ಟು ನನಗೆ ಕಲಿಸಲಿ. ಹಾಗಾದರೆ ಪುಕ್ಕಟೆ ಕೊಡಬಹುದಲ್ಲ? ಮೊದಮೊದಲು ಕೊಟ್ಟಿದ್ದೆ. ಹಾಗೆ ಕೊಟ್ಟ ಒಂದು ಜೋಡಿ ಹತ್ತೇ ದಿನದಲ್ಲಿ ಅಂಗಡಿಯೊಂದರ ಮುಂದೆ ನೇತಾಡುತ್ತಿದ್ದುದನ್ನು ಕಣ್ಣಾರೆ ಕಂಡೆ. ಒಂದರ ಕಾಲಿನ ಮೊಂಡು ಬೆರಳಿನಿಂದ ಗುರುತು ಸಿಕ್ಕಿತು. ಹಣ ಕೊಟ್ಟು ಬಿಡಿಸಿಕೊಂಡು ಬಂದೆ. ಶುಲ್ಕ ಶುರುವಾದದ್ದು ಅದರ ಮಾರನೆಯ ದಿನ.

ಮೂರನೆಯದು ಎರಡನೆಯ ಸಹಿಯವರ ಸ್ವಂತ ನೋವು. ಎದುರು ಮನೆಯ ಹಿರಿಯರು. ನಾನು ಎಂಟು ಪುಟದ ಅರ್ಜಿ ಕೊಟ್ಟೆನಂತೆ, ಹೆಣ್ಣು ನೋಡಲು ಬಂದವಳ ಹಾಗೆ ಅಡುಗೆಮನೆಯವರೆಗೂ ಇಣುಕಿದೆನಂತೆ, "ಒಂದು ಯಃಕಶ್ಚಿತ್ ಹಕ್ಕಿಗೆ ಇಷ್ಟು ಧಿಮಾಕೇ?" ಎಂದು ಕೇಳಿದ್ದಾರೆ. ಅದೇ ಪುಟದಲ್ಲಿ, ನಾಲ್ಕು ಸಾಲು ಕೆಳಗೆ, ಅದನ್ನು ಮಗುವಿನಂತೆ ಸಾಕುವ ಆಸೆಯಿತ್ತು ಎಂದೂ ಬರೆದಿದ್ದಾರೆ. ಯಃಕಶ್ಚಿತ್ ಹಕ್ಕಿಯೋ ಮಗುವೋ, ಯಾವುದಾದರೂ ಒಂದನ್ನು ಆರಿಸಿಕೊಳ್ಳಲಿ. ಅಡುಗೆಮನೆ ನೋಡಿದ್ದು ನಿಜ. ಒಲೆಯ ಮೇಲೆ ನಾನ್‌ಸ್ಟಿಕ್ ತವಾ ಇತ್ತು. ಅತಿಯಾಗಿ ಕಾದರೆ ಅದರ ಲೇಪನದಿಂದ ಏಳುವ ಹಬೆ ಹಕ್ಕಿಯ ಶ್ವಾಸಕೋಶಕ್ಕೆ ವಿಷ. ನಮಗೆ ವಾಸನೆ ತಿಳಿಯುವುದರೊಳಗೆ ಅದು ಸತ್ತಿರುತ್ತದೆ. ಬೆಳಗಿನಿಂದ ರಾತ್ರಿವರೆಗೆ ತಿರುಗುವ ಸೀಲಿಂಗ್ ಫ್ಯಾನಿನ ಕೆಳಗೇ ಪಂಜರದ ಜಾಗ ಗೊತ್ತು ಮಾಡಿದ್ದರು. ತವಾ ಬದಲಿಸಿ, ಹಕ್ಕಿ ಹೊರಗಿದ್ದಾಗ ಫ್ಯಾನು ನಿಲ್ಲಿಸಿ ಎಂದೆ. ಎರಡಕ್ಕೂ ಒಪ್ಪಲಿಲ್ಲ. ಗಿಣಿ ಸಾಕಿ ಗಿಡುಗನ ಕೈಗೆ ಕೊಟ್ಟಂತೆ ಎಂಬ ಗಾದೆ ನಮ್ಮಲ್ಲಿದೆ. ಗಿಡುಗನಿಗೆ ಗರಿಯೇ ಇರಬೇಕೆಂದೇನಿಲ್ಲ, ಮೂರು ರೆಕ್ಕೆಯ ಉಷಾ ಫ್ಯಾನೂ ಸಾಕು.

ರೋಗ ಹರಡುತ್ತದೆ ಎಂಬ ದೂರು ಕೂಡ ಅದೇ ಹಿರಿಯರದು. ಗಿಣಿಗಳಿಂದ ಸಿಟಕೋಸಿಸ್ ಎಂಬ ಜ್ವರ ಮನುಷ್ಯರಿಗೆ ಬರಬಹುದು, ಅದನ್ನು ನಾನು ಅಲ್ಲಗಳೆಯುವುದಿಲ್ಲ. ಆದ್ದರಿಂದಲೇ ಹೊಸದಾಗಿ ಬಂದ ಹಕ್ಕಿ ನಲವತ್ತೈದು ದಿನ ಪ್ರತ್ಯೇಕ ಕೋಣೆಯಲ್ಲಿರುತ್ತದೆ. ಅದಕ್ಕೆ ಬಟ್ಟಲು ಬೇರೆ, ಪೊರಕೆ ಬೇರೆ, ನನ್ನ ಚಪ್ಪಲಿಯೂ ಬೇರೆ. ಆದರೆ ಆ ರೋಗಾಣು ಪಾರಿವಾಳದಲ್ಲೂ ಇರುತ್ತದೆ. ದಿನಾ ಬೆಳಿಗ್ಗೆ ಆರೂವರೆಗೆ ತಾರಸಿಯ ಮೇಲೆ ಎರಡು ಸೇರು ಜೋಳ ಚೆಲ್ಲಿ ಬಡಾವಣೆಯ ಪಾರಿವಾಳಗಳನ್ನೆಲ್ಲ ಕರೆಯುವವರು ಯಾರು? ಹೆಸರು ಹೇಳುವುದಿಲ್ಲ, ಎರಡನೆಯ ಸಹಿ ನೋಡಿ. ಗದ್ದಲದ ಮಾತು ಬೇರೆ, ಅದನ್ನು ಒಪ್ಪುತ್ತೇನೆ. ಸಂಜೆ ಐದೂವರೆಗೆ ಕಾನ್ಯೂರ್ ಗಿಣಿಗಳು ಕಿರುಚುತ್ತವೆ. ಆ ಕಡೆಯ ಕಿಟಕಿಗೆ ಎರಡು ಪದರದ ಗಾಜು ಹಾಕಿಸಿದ್ದೇನೆ. ಅಷ್ಟರಿಂದ ಪೂರ್ತಿ ನಿಂತಿಲ್ಲ.

ಇದೆಲ್ಲ ಕಾನೂನುಬಾಹಿರ ಎಂಬ ಆರೋಪಕ್ಕೆ ಹೆಚ್ಚು ಮಾತು ಬೇಡ. ನಮ್ಮ ಕಾಡಿನ ಗಿಣಿಗಳನ್ನು ಹಿಡಿಯುವುದು, ಮಾರುವುದು, ಸಾಕುವುದು 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯಡಿ ಅಪರಾಧ. ಅಂಥ ಹಕ್ಕಿ ಬಂದರೆ ಅರಣ್ಯ ಇಲಾಖೆಗೆ ಫೋನು ಮಾಡುತ್ತೇನೆ, ದತ್ತು ಕೊಡುವುದಿಲ್ಲ. ವನ್ಯಜೀವಿ ವ್ಯಾಪಾರವನ್ನು ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ ಸೈಟಿಸ್‌ನ ಪಟ್ಟಿಯಲ್ಲಿರುವ ವಿದೇಶಿ ಹಕ್ಕಿಗಳನ್ನು 2024ರ ನಿಯಮದಂತೆ ಕೇಂದ್ರ ಸರ್ಕಾರದ ಪರಿವೇಶ್ ಜಾಲತಾಣದಲ್ಲಿ ನೋಂದಾಯಿಸಬೇಕು, ಕೈ ಬದಲಾದರೂ ಸತ್ತರೂ ತಿಳಿಸಬೇಕು. ಬಜ್ಜಿ, ಕಾಕಟೀಲ್ ಆ ಪಟ್ಟಿಯಲ್ಲಿಲ್ಲ. ನನ್ನ ನೋಂದಣಿಯ ಪ್ರತಿಗಳು ಮುಂಬಾಗಿಲ ಹಿಂದೆ ಫೈಲಿನಲ್ಲಿವೆ, ಬಂದು ನೋಡಬಹುದು. "ನಮ್ಮಜ್ಜಿ ಮನೆಯಲ್ಲಿ ಹಸಿರು ಗಿಣಿ ಇತ್ತು, ಆಗ ಯಾರೂ ಕೇಳಲಿಲ್ಲ" ಎಂಬುದು ವಾದವಲ್ಲ, ನೆನಪು.

ಊರಲ್ಲೇ ಶುಕವನ ಇರುವಾಗ ನಿಮ್ಮದೇನು ಎಂದೂ ಕೇಳಿದ್ದಾರೆ. ಒಂದೇ ಪಕ್ಷಿಮನೆಯಲ್ಲಿ 468 ಜಾತಿಯ ಹಕ್ಕಿಗಳನ್ನು ಇಟ್ಟದ್ದಕ್ಕೆ 2017ರಲ್ಲಿ ಗಿನ್ನೆಸ್ ದಾಖಲೆ ಸೇರಿದ ಜಾಗ ಅದು. ಅಲ್ಲಿನ ಹೆಗ್ಗಳಿಕೆ ಬಗೆಬಗೆಯ ಜಾತಿಗಳು. ನನ್ನ ಬಾಗಿಲಿಗೆ ಬರುವುದು ಒಂದೇ ಜಾತಿಯ ನಲವತ್ತನೆಯ ಹಕ್ಕಿ, ಅದೂ ರೆಕ್ಕೆ ಕತ್ತರಿಸಿದ್ದು, ಸೂರ್ಯಕಾಂತಿ ಬೀಜವೊಂದನ್ನೇ ತಿಂದು ಯಕೃತ್ತು ಕೊಬ್ಬಿದ್ದು.

ಇನ್ನು ಮೂರೂ ಸಹಿಗಳು ಒಂದಾಗುವ, ನಿಜಕ್ಕೂ ಗಟ್ಟಿಯಾದ ಆಕ್ಷೇಪ: ತಂದು ಬಿಡಲು ನೀವಿದ್ದೀರೆಂಬ ಧೈರ್ಯದಿಂದಲೇ ಜನ ಯೋಚಿಸದೆ ಕೊಳ್ಳುತ್ತಾರೆ. ಹಾಗೆ ಮಾಡುವ ಒಬ್ಬಿಬ್ಬರು ಇರಬಹುದು. ಆದರೆ ಬಂದ ಹಕ್ಕಿಗಳ ಕತೆ ಬೇರೆ. ನನ್ನಲ್ಲೊಂದು ಆಫ್ರಿಕನ್ ಗ್ರೇ ಗಿಣಿ ಇದೆ, ಇಪ್ಪತ್ತೆರಡು ವರ್ಷದ್ದು. ನಿವೃತ್ತಿಯ ವರ್ಷ ತಂದು ಸಾಕಿದ ಯಜಮಾನರು ತೀರಿಕೊಂಡರು. ರಾತ್ರಿ ಹತ್ತಕ್ಕೆ ದೀಪ ಆರಿಸಿದೊಡನೆ ಅದು ಎರಡು ಸಲ ಮೆಲ್ಲಗೆ, ಒಂದು ಸಲ ಎದೆ ಬಿರಿಯುವ ಹಾಗೆ ಕೆಮ್ಮುತ್ತದೆ. ಆಮೇಲೆ "ರಾಮಾ" ಎಂದು ಉಸಿರು ಬಿಡುತ್ತದೆ. ಕೆಮ್ಮು ಅವರದು, ದನಿಯೂ ಅವರದೇ. ತಿಂಗಳಿಡೀ ಅದನ್ನು ಕೇಳಿ ನಿದ್ದೆಗೆಟ್ಟ ಮಗ ಪಂಜರ ತಂದು ನಮ್ಮ ಜಗಲಿಯಲ್ಲಿಟ್ಟು, ತಲೆ ಎತ್ತದೆ ನಿಂತಿದ್ದ. ಎದೆಯ ಗರಿಗಳನ್ನೆಲ್ಲ ಅದು ತಾನೇ ಕಿತ್ತುಕೊಂಡಿತ್ತು. ಆತ ಯಾವ ಧೈರ್ಯದಿಂದ ಕೊಂಡವನು? ಕೊಂಡವನೇ ಅವನಲ್ಲ. ನಲವತ್ತು, ಐವತ್ತು ವರ್ಷ ಬಾಳಬಲ್ಲ ಹಕ್ಕಿಯನ್ನು ಅರವತ್ತರ ಮನುಷ್ಯನಿಗೆ ಮಾರುವಾಗ, ನಿಮ್ಮ ನಂತರ ಯಾರು ಎಂದು ಕೇಳದಿದ್ದವರು ಯಾರು? ನನ್ನ ಎಂಟು ಪುಟದ ಅರ್ಜಿಯಲ್ಲಿ ಅದು ಮೊದಲ ಪ್ರಶ್ನೆ. ಯೋಚಿಸದೆ ಕೊಳ್ಳುತ್ತಾರೆ ಎಂಬ ಕೊರಗು ಅವರಿಗೆ ನಿಜವಾಗಿ ಇದ್ದರೆ, ಯೋಚಿಸುವಂತೆ ಮಾಡುವ ಆ ಅರ್ಜಿಯನ್ನೇ ಧಿಮಾಕು ಎಂದು ಹಳಿಯುವುದೇಕೆ?

ಅಲ್ಲಿಂದ ಮೂರನೆಯ ಸಹಿಗೆ ಬರೋಣ. ಪಂಜರದಲ್ಲಿ ಮರಿ ಮಾಡಿಸುವುದರಿಂದಲೇ ಕಾಡಿನ ಗಿಣಿಗಳು ಉಳಿದಿವೆ, ರಕ್ಷಣೆಯ ನಿಜವಾದ ಕೆಲಸ ತಮ್ಮದು ಎಂದು ಅವರ ವಾದ. ಆಫ್ರಿಕನ್ ಗ್ರೇ ಎಷ್ಟೋ ದಶಕಗಳಿಂದ ಪಂಜರದಲ್ಲಿ ಮರಿ ಮಾಡುತ್ತಿದೆ. ಹಾಗಿದ್ದೂ ಕಾಡಿನಲ್ಲಿ ಅದು ಎಷ್ಟು ಕುಸಿಯಿತೆಂದರೆ, 2016ರಲ್ಲಿ ಜೊಹಾನ್ಸ್‌ಬರ್ಗ್‌ನಲ್ಲಿ ಸೇರಿದ ಸೈಟಿಸ್ ದೇಶಗಳು ಅದನ್ನು ಅತಿ ಬಿಗಿಯಾದ ಮೊದಲ ಪಟ್ಟಿಗೆ ಏರಿಸಬೇಕಾಯಿತು. ಮೈಸೂರಿನ ಮರಿಗಳಲ್ಲಿ ಒಂದಾದರೂ ಕಾಂಗೋದ ಕಾಡಿಗೆ ಮರಳಿದ್ದರೆ ತಿಳಿಸಲಿ, ಕ್ಷಮೆ ಕೇಳುತ್ತೇನೆ. ಇವರು ಕಣ್ಣು ತೆರೆದ ಕೆಲವೇ ದಿನಕ್ಕೆ ಮರಿಯನ್ನು ತಾಯಿಯಿಂದ ಎತ್ತಿ, ಸಿರಿಂಜಿನಲ್ಲಿ ತಿನಿಸು ಹಾಕಿ, ತಾನಾಗಿ ತಿನ್ನಲು ಕಲಿಯುವ ಮೊದಲೇ ಮಾರುತ್ತಾರೆ. ಕೊಂಡವರು ಬಿಸಿ ಹೆಚ್ಚಾದ ಹಿಟ್ಟು ಕುಡಿಸಿ ಗಂಟಲ ಚೀಲ ಸುಟ್ಟು ನನ್ನಲ್ಲಿಗೆ ತರುತ್ತಾರೆ. ಇದೂ ರಕ್ಷಣೆಯಾದರೆ ನಾನು ಮಾಡುವುದಕ್ಕೆ ಬೇರೆ ಹೆಸರು ಹುಡುಕಬೇಕು.

ಮರಿ ಮೊಟ್ಟೆಯೊಡೆದ ಮೊದಲ ದಿನಗಳಲ್ಲೇ ಕಾಲಿಗೆ ತೊಡಿಸುವ, ಆಮೇಲೆ ಕತ್ತರಿಸದೆ ತೆಗೆಯಲಾಗದ ಉಂಗುರವೊಂದಿರುತ್ತದೆ. ಮರಿ ಮಾಡಿಸಿದವರ ಗುರುತು, ಹುಟ್ಟಿದ ವರ್ಷ ಅದರ ಮೇಲೆ ಕೊರೆದಿರುತ್ತದೆ. ಈ ಹೊತ್ತು ನನ್ನ ಮಹಡಿಯಲ್ಲಿರುವ ಹತ್ತೊಂಬತ್ತು ಹಕ್ಕಿಗಳಲ್ಲಿ ಮೂರರ ಕಾಲಿನಲ್ಲಿ ಇರುವುದು ಇದೇ ಮೂರನೆಯ ಸಹಿಯವರ ಗುರುತು. ಅವುಗಳ ಉಂಗುರದ ಸಂಖ್ಯೆ ಬರೆದು, ಹಿಂದಕ್ಕೆ ತೆಗೆದುಕೊಳ್ಳುವಿರಾ ಎಂದು ಕೇಳಿ ಜನವರಿಯಲ್ಲಿ ಅವರಿಗೆ ಅಂಚೆಯಲ್ಲಿ ಕಾಗದ ಹಾಕಿದ್ದೆ. ತಲುಪಿದ ರಸೀತಿ ಬಂದಿದೆ, ಉತ್ತರ ಬಂದಿಲ್ಲ.