ಕೀಟಗಳಿಂದಲೇ ಕೀಟನಿವಾರಣೆ

ಬೆಳೆಗೆ ಹುಳು ಬಿದ್ದಿತೆಂದರೆ ಕೂಡಲೇ ವಿಷವನ್ನು ಸಿಂಪಡಿಸತಕ್ಕದ್ದೆಂಬುದು ಅನೇಕರ ಮತ. ಇದು ಅವಸರದ ಮತವೆಂದು ನಾವು ಹೇಳುವೆವು. ಇಂಗ್ಲೆಂಡಿನ ಗಾಜಿನ ಮನೆಗಳ ಟೊಮೇಟೊ ಬೆಳೆಯ ಚರಿತ್ರೆಯು ಇದಕ್ಕೆ ತಕ್ಕ ನಿದರ್ಶನವಾಗಿದೆ.

ಆ ಚಳಿದೇಶದಲ್ಲಿ ಟೊಮೇಟೊವನ್ನು ಗಾಜಿನ ಮಾಡಿನ ಕೆಳಗೆ ಬೆಚ್ಚಗಿಟ್ಟು ಬೆಳೆಸುತ್ತಾರೆ. ಆ ಬೆಚ್ಚನೆಯ ಹವೆ ಬಿಳಿನೊಣಕ್ಕೂ ಹಿತವೇ. ಅದು ಎಲೆಯ ಅಡಿಯಲ್ಲಿ ಕುಳಿತು ರಸವನ್ನು ಹೀರಿ ಅಂಟಾದ ಸಿಹಿನೀರನ್ನು ಸುರಿಸಲು, ಅದರ ಮೇಲೆ ಕಪ್ಪು ಬೂಷ್ಟು ಹತ್ತಿ ಎಲೆಯೂ ಹಣ್ಣೂ ಕೆಡುವುವು. 1926ರಲ್ಲಿ ಹರ್ಟ್‌ಫರ್ಡ್‌ಷೈರಿನ ಎಲ್‌ಸ್ಟ್ರೀ ಎಂಬ ಊರಿನ ಬೆಳೆಗಾರನೊಬ್ಬನು ಬಿಳಿನೊಣದ ಬೆಳ್ಳನೆಯ ಮರಿಗಳ ನಡುವೆ ಕೆಲವು ಕಪ್ಪಾಗಿರುವುದನ್ನು ಕಂಡನು. ಚೆಸ್‌ಹಂಟ್ ಸಂಶೋಧನಾಲಯದ ಸ್ಪೈಯರ್ ಎಂಬವರು ಪರೀಕ್ಷಿಸಲಾಗಿ, ಎನ್ಕಾರ್ಸಿಯ ಎಂಬ ಕಣಜವು ಅವುಗಳೊಳಗೆ ಮೊಟ್ಟೆಯಿಟ್ಟದ್ದು ತಿಳಿಯಿತು. ಒಂದು ಮಿಲಿಮೀಟರಿಗಿಂತಲೂ ಚಿಕ್ಕದಾದ ಈ ಕಣಜದ ಹುಳುವು ಮರಿಯನ್ನು ಒಳಗಿನಿಂದಲೇ ತಿಂದು ತೀರಿಸುತ್ತದೆ. 1930ರ ವೇಳೆಗೆ ಆ ಸಂಶೋಧನಾಲಯವು ವರ್ಷಕ್ಕೆ ಸುಮಾರು 15 ಲಕ್ಷ ಕಣಜಗಳನ್ನು ಬೆಳೆಗಾರರಿಗೆ ಒದಗಿಸುತ್ತಿತ್ತು.

1940ರ ದಶಕದಲ್ಲಿ ಡಿ.ಡಿ.ಟಿ. ಬರಲು ಕಣಜವನ್ನು ಕೇಳುವವರಿಲ್ಲವಾದರು. ಆದರೆ ಬಿಳಿನೊಣವು ಕ್ರಮೇಣ ವಿಷಗಳನ್ನು ತಾಳಿಕೊಳ್ಳುವಂತಾಯಿತು. 1980ರ ದಶಕದ ಕೊನೆಯಲ್ಲಿ ಬೆಲ್ಜಿಯಂ, ಹಾಲೆಂಡ್ ದೇಶಗಳವರು ಹೂವುಗಳ ಪರಾಗಸ್ಪರ್ಶಕ್ಕಾಗಿ ಬಂಬಲ್ ಬೀ ಎಂಬ ದಪ್ಪ ಜೇನುಹುಳುಗಳನ್ನು ಗಾಜಿನ ಮನೆಗಳಲ್ಲಿ ಇಡತೊಡಗಿದರು. ವಿಷವು ಶತ್ರುವಿನೊಡನೆ ಮಿತ್ರನನ್ನೂ ಕೊಲ್ಲುವುದಷ್ಟೆ! ಆದಕಾರಣ ಬೆಳೆಗಾರರು ಪುನಃ ಕಣಜದ ಕಡೆಗೆ ತಿರುಗಿದರು.

ಕಣಜದ ಕೆಲಸ ನಿಧಾನವೆಂದು ಕೆಲವರು ಆಕ್ಷೇಪಿಸಬಹುದು. ನಿಜವೇ. ಮೊಟ್ಟೆಯಿಂದ ಹೊಸ ಕಣಜವು ಹೊರಬೀಳಲು ಸುಮಾರು 3 ವಾರಗಳು ಬೇಕು. ಚಳಿಯಲ್ಲಿ ಅದು ಜಡವಾಗುವುದು. ಬಿಳಿನೊಣವು ಮಿತಿಮೀರಿದ ಮೇಲೆ ಬಿಟ್ಟರೆ ಪ್ರಯೋಜನವು ಅಲ್ಪ. ಆದುದರಿಂದ ಬೆಳೆಗಾರನು ಎಲೆಗಳ ಅಡಿಯನ್ನು ತಪ್ಪದೆ ನೋಡುತ್ತಾ, ಮೊದಲ ನೊಣಗಳು ಕಂಡಾಗಲೇ ಕಣಜಗಳನ್ನು ಬಿಡತಕ್ಕದ್ದು. ಅಲ್ಲದೆ ಕೆಲವು ಬಿಳಿನೊಣಗಳನ್ನು ಸಹಿಸಿಕೊಳ್ಳಲೂಬೇಕು. ಏಕೆಂದರೆ ಅವು ಪೂರ್ತಿ ನಾಶವಾದರೆ ಕಾವಲಿನ ಕಣಜವೂ ಆಹಾರವಿಲ್ಲದೆ ಅಳಿಯುವುದು. ಒಂದು ಹುಳುವನ್ನೂ ಸಹಿಸದ ತೋಟವು ತನ್ನ ಕಾವಲುಗಾರನನ್ನೇ ಕಳೆದುಕೊಳ್ಳುವುದೆಂಬುದು ನಮ್ಮ ದೃಢವಾದ ಅಭಿಪ್ರಾಯ.

ನಮ್ಮ ವಿದ್ಯಾರ್ಥಿನಿಯರು ತಮ್ಮ ಮನೆಯ ಹಿತ್ತಿಲಲ್ಲಿಯೂ ಇದನ್ನು ಪರೀಕ್ಷಿಸಬಹುದು. ಅವರೆ ಬಳ್ಳಿಗೆ ಹೇನು ಹತ್ತಿದಾಗ ಬಳಿಯಲ್ಲಿ ಗುಲಗಂಜಿ ಹುಳುವು ತಿರುಗಾಡುತ್ತಿರುವುದನ್ನು ಕಂಡರೆ, ಅದನ್ನು ಹೊಸಕಬೇಡಿರಿ. ಅದು ಆ ಹೇನುಗಳನ್ನು ತಿನ್ನಲು ಬಂದ ನಿಮ್ಮ ಮಿತ್ರನು.